ಒಬ್ಬರ ಸೀಟಿನ ಗಾಡಿ

ಶಂಕರಲಿಂಗ ಗಾಡಿಯ ಮೇಲಿನ ತಾಡಪತ್ರಿ ತೆಗೆದದ್ದು ಒಂದು ಭಾನುವಾರ ಬೆಳಿಗ್ಗೆ, ಇನ್ನೂ ಚಹಾ ಕುಡಿಯುವ ಮೊದಲೇ. ಹಿತ್ತಲ ಗೋಡೆಗೆ ಒರಗಿದ್ದ ಆ ಮೋಟರ್‌ಸೈಕಲ್ಲನ್ನು ಗಾಡಿ ಎಂದು ನೋಡುವುದನ್ನು ಮನೆಯವರು ಬಿಟ್ಟು ವರ್ಷಗಳಾಗಿದ್ದವು. ಅದರ ಸೀಟಿನ ಮೇಲೆ ಮೊರ ಇಟ್ಟು ಶಿವಲಿಂಗವ್ವ ಸಂಡಿಗೆ ಒಣಗಿಸುತ್ತಿದ್ದಳು. ಹ್ಯಾಂಡಲ್ಲಿಗೆ ಹಗ್ಗದ ಒಂದು ತುದಿ, ನುಗ್ಗೆ ಗಿಡಕ್ಕೆ ಇನ್ನೊಂದು ತುದಿ ಕಟ್ಟಿ ಒದ್ದೆ ಬಟ್ಟೆ ಹರವುತ್ತಿದ್ದರು.

"ಹಗ್ಗ ಯಾಕ ಬಿಚ್ಚಾಕತ್ತಿ?" ಎಂದಳು ಶಿವಲಿಂಗವ್ವ, ಹಿಂಡಿದ ಬಟ್ಟೆಯ ಬುಟ್ಟಿ ಸೊಂಟಕ್ಕಿಟ್ಟುಕೊಂಡು.

"ಗಾಡಿ ಒಯ್ತೇನಿ, ಯವ್ವಾ. ಅಲ್ಲಾಸಾಬನ ಗ್ಯಾರೇಜಿಗಿ."

"ಗುಜರಿಗಿ ಹಾಕಾಕ?"

"ಅಲ್ಲ."

"ರಿಪೇರಿ ಮಾಡ್ಸಾಕ?"

"ಬರೇ ರಿಪೇರಿ ಅಲ್ಲ."

"ಮತ್ತೇನ?"

ಶಂಕರಲಿಂಗ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಗಾಳಿ ಇರಲಿಲ್ಲ. "ನೋಡೂಣು," ಎಂದು ಗಾಡಿ ತಳ್ಳಿಕೊಂಡು ಸಂದಿಯಿಂದ ಹೊರಗೆ ಹೋದ. ಶಿವಲಿಂಗವ್ವ ಹಗ್ಗದ ಬಿಚ್ಚಿದ ತುದಿ ಹಿಡಿದುಕೊಂಡು, ಅದನ್ನು ಇನ್ನು ಎಲ್ಲಿಗೆ ಕಟ್ಟಬೇಕೆಂದು ಸುತ್ತ ನೋಡುತ್ತ ನಿಂತಳು.

ಇಳಕಲ್ಲಿನ ಆ ಮನೆಯಲ್ಲಿ ಐದು ಜನ. ಶಂಕರಲಿಂಗ ಹುನಗುಂದದ ಕೋರ್ಟಿನಲ್ಲಿ ಗುಮಾಸ್ತ, ಐವತ್ತಕ್ಕೆ ಹತ್ತಿರ ಬಂದವನು, ದಿನವೂ ಬಸ್ಸಿಗೆ ಹೋಗಿ ಬಸ್ಸಿಗೆ ಬರುವವನು. ಹೆಂಡತಿ ಮಹೇಶ್ವರಿ ನಡುಮನೆಯಲ್ಲಿ ಮಷೀನು ಇಟ್ಟುಕೊಂಡು ಸೀರೆಗಳಿಗೆ ಫಾಲ್ ಹಚ್ಚಿ, ಸೆರಗಿಗೆ ಕುಚ್ಚು ಕಟ್ಟಿ ಕೊಡುತ್ತಿದ್ದಳು. ಮಗಳು ಶೀಲಾ ಊರ ಹೊರಗಿನ ಒಂದು ಖಾಸಗಿ ಶಾಲೆಯಲ್ಲಿ ಟೀಚರು. ಮಗ ವಿಜಯಮಹಾಂತೇಶ ಕಾಲೇಜಿನ ಎರಡನೇ ವರ್ಷ. ಮನೆಯಲ್ಲಿ ಅವನು ಮಾಂತು. ಎಲ್ಲರಿಗಿಂತ ಮೇಲೆ ಶಂಕರಲಿಂಗನ ತಾಯಿ ಶಿವಲಿಂಗವ್ವ.

ನಾಷ್ಟಾಕ್ಕೆ ಮಂಡಕ್ಕಿ ಒಗ್ಗರಣೆಯ ಸುಸಲಾ ಮಾಡಿದ್ದರು. ತಾಟಿನ ಮುಂದೆ ಕೂತ ಮಾಂತುವಿನ ಮುಖ ಅರಳಿತ್ತು.

"ಅಪ್ಪ ನನಗ ಗಾಡಿ ರೆಡಿ ಮಾಡ್ಸಾಕತ್ತಾನ. ನಾ ಹೋದ ವರ್ಷಽನ ಕೇಳಿದ್ದೆ."

"ನಿನಗೇನ ಮಾಡ್ಸ್ತಾನ," ಎಂದಳು ಶೀಲಾ. "ಅದನ್ನ ಮಾರಿ ನನಗೊಂದು ಸ್ಕೂಟಿ ಕೊಡಸ್ತಾನ. ಬಿಸಲಾಗ ನಡಕೊಂತ ಸಾಲಿಗಿ ಹೋಗಾಕಿ ನಾನೋ ನೀನೋ?"

"ಅವನ್ನಽ ಕೇಳ್ರಿ," ಎಂದಳು ಶಿವಲಿಂಗವ್ವ. "ನಾ ಕೇಳಿದ್ರ ನೋಡೂಣು ಅಂದ. ಕೋರ್ಟಿನ್ಯಾಗ ತಾರೀಖ ಕೊಟ್ಟಂಗ."

ಮಹೇಶ್ವರಿ ಬಾಣಲೆಯಲ್ಲಿ ಉಳಿದ ಸುಸಲಾವನ್ನು ಗಂಡನಿಗೆಂದು ಮುಚ್ಚಿಟ್ಟು ಮಷೀನಿಗೆ ಹೋಗಿ ಕೂತಳು. ನಡೆಯುವಾಗ ಅವಳ ಬಲಗಾಲು ತುಸು ಎಳೆಯುತ್ತಿತ್ತು. ಆರೇಳು ವರ್ಷದ ಹಿಂದೆ ಕೆರೂರಿನ ತವರುಮನೆಯಿಂದ ಗಂಡಹೆಂಡತಿ ಇದೇ ಗಾಡಿಯ ಮೇಲೆ ನರಗುಂದದ ಮದುವೆಗೆ ಹೊರಟಾಗ ಕುಳಗೇರಿ ಕ್ರಾಸಿನ ಹತ್ತಿರ ಎಮ್ಮೆಯೊಂದು ಅಡ್ಡ ನುಗ್ಗಿತ್ತು. ಶಂಕರಲಿಂಗನಿಗೆ ಮೊಣಕೈ ತರಚಿತು, ಅಷ್ಟೇ. ಹಿಂದೆ ಕೂತಿದ್ದ ಮಹೇಶ್ವರಿಯ ಕಾಲು ಎರಡು ಕಡೆ ಮುರಿದು, ರಾಡು ಹಾಕಿ, ಕೂಡಿಕೊಂಡಾಗ ಒಂದಿಷ್ಟು ಗಿಡ್ಡಾಗಿತ್ತು. ಅವತ್ತಿನಿಂದ ಗಾಡಿ ಹಿತ್ತಲಿಗೆ, ಶಂಕರಲಿಂಗ ಬಸ್ಸಿಗೆ. ಆ ವಿಷಯ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

ಮರುದಿನ ಸಂಜೆ ಮಾಂತು ಗ್ಯಾರೇಜಿಗೆ ಹೋದ. ಅಲ್ಲಿ ಕಂಡದ್ದು ಅವನಿಗೆ ಅರ್ಥವಾಗಲಿಲ್ಲ. ಗಾಡಿಯ ಮುಂಭಾಗವನ್ನೆಲ್ಲ ಮುಚ್ಚಿದ್ದ ಪ್ಲಾಸ್ಟಿಕ್ ಕವಚ ಬಿಚ್ಚಿ ಮೂಲೆಗೆ ಒಗೆದಿದ್ದರು. ಇಂಜಿನ್ನು, ಪೈಪು, ವೈರು ಎಲ್ಲ ಹೊರಗೆ ಬಿದ್ದಿದ್ದವು. ಅಪ್ಪ ಪ್ಯಾಂಟನ್ನು ಮೊಣಕಾಲತನಕ ಮಡಚಿ ನೆಲಕ್ಕೆ ಕೂತು, ಕೋರ್ಟಿನಲ್ಲಿ ಕಾಗದ ತಿರುವುವ ಬೆರಳುಗಳಿಂದ ಒಂದು ನಟ್ಟನ್ನು ಸೀಮೆಎಣ್ಣೆಯಲ್ಲಿ ಉಜ್ಜುತ್ತಿದ್ದ.

"ಕವಚ ಯಾಕ ತಗದ್ರಿ?" ಎಂದ ಮಾಂತು.

ಅಲ್ಲಾಸಾಬ ನಕ್ಕ. ಅವನೂ ಶಂಕರಲಿಂಗನೂ ಒಂದೇ ಶಾಲೆಯಲ್ಲಿ ಓದಿದವರು. "ನಿಮ್ಮಪ್ಪನ್ನ ಕೇಳಪ್ಪ. ನಾ ಹೊಸಾ ಕವಚ ಹಾಕೂಣು ಅಂದ್ರ ಕೇಳವಲ್ಲ."

ಶಂಕರಲಿಂಗ ಮಸಿಯಾದ ಬೆರಳಿನಿಂದಲೇ ಫೋನು ತೆಗೆದು ಒಂದು ಚಿತ್ರ ತೋರಿಸಿದ. ಮೈಮೇಲೆ ಏನೂ ಇಲ್ಲದ, ಕುತ್ತಿಗೆ ಬಗ್ಗಿಸಿ ಹಾಯಲು ನಿಂತ ಹೋರಿಯಂಥ ಗಾಡಿ. ಅಗಲವಾದ ನೆಟ್ಟನೆ ಹ್ಯಾಂಡಲ್ಲು, ಸಣ್ಣ ದೀಪ, ಮೋಟು ಬಾಲ.

"ಸ್ಟ್ರೀಟ್‌ಫೈಟರ್ ಅಂತಾರ ಇದಕ್ಕ," ಎಂದ. "ಹಳೇ ಗಾಡಿ ಬಿಚ್ಚಿ ಹಿಂಗ ಮಾಡ್ತಾರ. ಹೊಸಾ ಸಾಮಾನ ಒಂದೂ ತರೂದಿಲ್ಲ. ಎಲ್ಲಾ ಗುಜರಿ."

ರಾತ್ರಿ ಊಟಕ್ಕೆ ಕೂತಾಗ ಮಾಂತು ಆ ಹೆಸರನ್ನು ಮನೆಯವರಿಗೆ ಹೇಳಿದ.

"ಫೈಟರ್ ಅಂದ್ರ?" ಎಂದಳು ಶಿವಲಿಂಗವ್ವ.

"ಜಗಳಾಡಾಂವ, ಆಯಿ. ಓಣ್ಯಾಗ ನಿಂತು ಜಗಳಾಡಾಂವ."

"ಯಾರ ಕೂಡ?"

ಶಂಕರಲಿಂಗ ರೊಟ್ಟಿ ಮುರಿದು ಬದನೆಕಾಯಿ ಪಲ್ಯಕ್ಕೆ ಒತ್ತಿ, "ಅದು ಬರೇ ಹೆಸರು, ಯವ್ವಾ," ಎಂದ.

"ಬರೇ ಹೆಸರಿಗಿ ಇಷ್ಟೆಲ್ಲಾ ಯಾಕ? ಇದ್ದ ಗಾಡಿಗಿ ಎಣ್ಣಿ ಹಾಕಿ ಓಡಸಬಾರದಽನ?"

ಆಮೇಲಿನ ದಿನಗಳಲ್ಲಿ ಶಂಕರಲಿಂಗ ಕೋರ್ಟಿನಿಂದ ಬಂದವನೇ ಚಹಾ ಕುಡಿದು ಗ್ಯಾರೇಜಿಗೆ ಹೋಗತೊಡಗಿದ. ಒಂದು ಶನಿವಾರ ಬಾಗಲಕೋಟೆಗೆ ಹೋಗಿ ಗುಜರಿ ಅಂಗಡಿಗಳಲ್ಲಿ ಮಧ್ಯಾಹ್ನವೆಲ್ಲ ಹುಡುಕಿ, ಯಾವುದೋ ಬಿದ್ದ ಗಾಡಿಯ ಹ್ಯಾಂಡಲ್ಲನ್ನು ವರ್ತಮಾನಪತ್ರಿಕೆಯಲ್ಲಿ ಸುತ್ತಿಕೊಂಡು ತಂದ. ಬಸ್ಸಿನಲ್ಲಿ ಅದು ಯಾರಿಗೋ ತಾಗಿ ಬೈಸಿಕೊಂಡದ್ದನ್ನೂ ಮನೆಯಲ್ಲಿ ಹೇಳಿದ. ಹೇಳುವಾಗ ನಕ್ಕ. ಅವನು ಹಾಗೆ ನಕ್ಕದ್ದನ್ನು ನೋಡಿ ಶೀಲಾ ತಾಯಿಯ ಮುಖ ನೋಡಿದಳು. ಮಹೇಶ್ವರಿ ದಾರ ಕಡಿಯುತ್ತಿದ್ದಳು.

ಮೊದಲ ಜಗಳ ಆದದ್ದು ಹುಣಸೆಹಣ್ಣಿಗೆ. ಶಿವಲಿಂಗವ್ವ ವರ್ಷಕ್ಕೆಂದು ಉಪ್ಪು ಹಾಕಿ ಬಡಿದು ಗಡಿಗೆಯಲ್ಲಿ ತುಂಬಿಟ್ಟದ್ದು ಅರ್ಧ ಖಾಲಿಯಾಗಿತ್ತು. ಸೊಸೆಯನ್ನು ಕೇಳಿದಳು. ಮೊಮ್ಮಗಳನ್ನು ಕೇಳಿದಳು. ಕೊನೆಗೆ ಮಗ ಒಪ್ಪಿಕೊಂಡ.

"ಟಾಕಿ ಒಳಗ ತುಕ್ಕ ಹಿಡದಿತ್ತು, ಯವ್ವಾ. ಹುಣಸಿ ನೀರ ಹಾಕಿ ಇಟ್ರ ಬಿಡತೈತಿ. ಅಂಗಡ್ಯಾಗಿನ ಔಷಧ ತುಟ್ಟಿ."

"ಪೆಟ್ರೋಲ್ ಹಾಕೂ ಟಾಕಿಗಿ ಹುಣಸಿಹಣ್ಣು?"

"ಹೂಂ."

"ಸಾರಿಗಿ ಏನ ಹಾಕ್ಲಿ? ಪೆಟ್ರೋಲಾ?"

ಮಾಂತು ನಕ್ಕ. ಶಿವಲಿಂಗವ್ವ ಅವನ ಬೆನ್ನಿಗೆ ಒಂದು ಕೊಟ್ಟಳು. "ನಗಬ್ಯಾಡ. ನಿಮ್ಮಪ್ಪಗ ಏನೋ ಬಡದೈತಿ. ಇಷ್ಟ ವಯಸ್ಸಿಗಿ ಬಂದು ಹುಡುಗರಂಗ. ಮಹೇಶ್ವರಿ, ನೀ ಆದ್ರೂ ಒಂದ ಮಾತ ಹೇಳಬಾರದಽನ?"

"ನನ್ನ ಕೇಳಿ ಮಾಡಾಕತ್ತಿಲ್ಲ, ಅತ್ತಿ," ಎಂದಳು ಮಹೇಶ್ವರಿ. "ನಾ ಏನ ಹೇಳ್ಲಿ?"

ಶಂಕರಲಿಂಗ ಹೆಂಡತಿಯ ಕಡೆ ನೋಡಿದ. ಏನೋ ಅನ್ನಬೇಕೆಂದು ಬಾಯಿ ತೆರೆದ. ಆಗಲೇ ಬಾಗಿಲಲ್ಲಿ ಸೀರೆ ಕೊಡಲು ಯಾರೋ ಬಂದರು.

ಎರಡನೆಯ ಜಗಳ ಮಗನ ಜೊತೆ. ಮಾಂತು ವಾರವೆಲ್ಲ ಅಪ್ಪನ ಜೊತೆ ಗ್ಯಾರೇಜಿನಲ್ಲಿ ಕೆಲಸ ಮಾಡಿದ್ದ. ಚೈನು ತೊಳೆದಿದ್ದ, ಬಣ್ಣ ತಿಕ್ಕಿದ್ದ, ಹೊಸ ಹ್ಯಾಂಡಲ್ಲಿಗೆ ಕ್ಲಚ್ಚಿನ ಕೇಬಲ್ಲು ಗಿಡ್ಡ ಬಂದಾಗ ಬೇರೆ ಗಾಡಿಯದನ್ನು ತಾನೇ ಹುಡುಕಿ ತಂದಿದ್ದ. ಗೆಳೆಯರಿಗೆಲ್ಲ ನನ್ನ ಗಾಡಿ ಬರುತ್ತದೆ ಎಂದು ಹೇಳಿಯೂ ಆಗಿತ್ತು. ಒಂದು ಸಂಜೆ ಊಟಕ್ಕೆ ಕೂತಾಗ ಕೇಳಿಯೇಬಿಟ್ಟ.

"ಅಪ್ಪಾ, ನಾ ಲೈಸನ್ಸ್ ಮಾಡ್ಸಲಿ?"

"ಮಾಡ್ಸು. ಇರ್ಬೇಕದು."

"ಗಾಡಿ ನನಗಲ್ಲಾ?"

ಶಂಕರಲಿಂಗ ಅಗಿಯುವುದನ್ನು ನಿಲ್ಲಿಸಿದ. "ನಿನಗಂತ ನಾ ಯಾವಾಗ ಅಂದೆ?"

"ಮತ್ಯಾರಿಗಿ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರ? ಕೈ ಮಸಿ ಮಾಡ್ಕೊಂಡು ದಿನಾ ಮಾಡಾಕತ್ತೀರಿ, ಯಾರಿಗಂತ ಗೊತ್ತಿಲ್ಲಾ?"

"ನಾನಽ ಹೊಡಿಬೇಕಂತ ಇರ್ಬೇಕು."

"ನೀವು ಆ ಗಾಡಿ ಮ್ಯಾಲ ಕೋರ್ಟಿಗಿ ಹೋಗ್ತೀರಿ? ವಕೀಲರು ನಗ್ತಾರ."

"ನಗ್ಲಿ."

ಮಾಂತು ತಾಟು ಸರಿಸಿ ಎದ್ದ. "ನಂದೇನ ಕೂಲಿ ಕೆಲಸ ಅಂತ ಮಾಡ್ಸಿದ್ರಿ? ಮೊದಲಽ ಹೇಳಬೇಕಿತ್ತು." ಅವನು ಕೈ ತೊಳೆದು ಹೊರಗೆ ಹೋದ. ಶೀಲಾ, "ಅಪ್ಪಾ, ಅವನಿಗೆ ಒಂದ ಮಾತ ಹೇಳಿದ್ರ ಆಗ್ತಿತ್ತು," ಎಂದಳು. ಶಂಕರಲಿಂಗ, "ನನಗ ತಿಳದಿದ್ರ ಹೇಳ್ತಿದ್ದೆ," ಎಂದ. ಅವನು ಸುಳ್ಳು ಹೇಳುತ್ತಿದ್ದಾನೆ ಎಂದು ಯಾರಿಗೂ ಅನ್ನಿಸಲಿಲ್ಲ. ಅದೇ ಎಲ್ಲರಿಗೂ ಕಷ್ಟವಾಯಿತು.

ಆಮೇಲೆ ಮಾಂತು ಗ್ಯಾರೇಜಿಗೆ ಹೋಗುವುದು ಬಿಟ್ಟ. ಆದರೆ ಆ ದಾರಿಯಲ್ಲಿ ಓಡಾಡುವಾಗ ಇಣುಕುವುದನ್ನು ಬಿಡಲಾಗಲಿಲ್ಲ. ಮುಂದಿನ ಭಾನುವಾರ ಮಧ್ಯಾಹ್ನ ಅವನು ಮನೆಗೆ ಓಡುತ್ತಲೇ ಬಂದ. ಶಿವಲಿಂಗವ್ವ ಕಾಳು ಆರಿಸುತ್ತಿದ್ದಳು. ಮಹೇಶ್ವರಿ ಮದುವೆ ಮನೆಯೊಂದರ ಸೀರೆಗಳನ್ನು ಗುಡ್ಡೆ ಹಾಕಿಕೊಂಡು ಮಷೀನು ತುಳಿಯುತ್ತಿದ್ದಳು.

"ಅಪ್ಪ ಗಾಡಿ ಹಿಂದಿನ ಅರ್ಧ ಕೊಯ್ದು ಒಗದಾನ," ಎಂದ ಮಾಂತು. "ಕಟ್ಟರ್ ಹಚ್ಚಿ, ಚಾಸಿಸ್ ಸೈತ. ಹಿಂದ ಸೀಟಽ ಇಲ್ಲ. ಒಬ್ಬರಿಗೆ ಕುಂದ್ರಾಕ ಇಷ್ಟಽ ಇಷ್ಟು ಜಾಗಾ ಬಿಟ್ಟಾನ."

ಮಷೀನಿನ ಸಪ್ಪಳ ನಿಂತಿತು.

"ಹಿಂದಿನ ಸೀಟು?" ಎಂದಳು ಮಹೇಶ್ವರಿ.

"ಗುಜರಿ ಗುಂಪಿನ್ಯಾಗ ಬಿದ್ದೈತಿ."

"ಒಬ್ಬರಽ ಕುಂದರೂ ಗಾಡಿ?"

"ಹೂಂ. ಸ್ಟ್ರೀಟ್‌ಫೈಟರ್ ಹಂಗಽ ಇರತೈತಂತ."

ಶಿವಲಿಂಗವ್ವ ಕಾಳಿನ ಮೊರ ಕೆಳಗಿಟ್ಟಳು. "ಐದು ಮಂದಿ ಮನ್ಯಾಗ ಒಬ್ಬರ ಗಾಡಿ? ಎಲ್ಲಿಗಿ ಹೊಂಟಾನವ?"

ಮಹೇಶ್ವರಿ ಅರ್ಧಕ್ಕೆ ನಿಂತ ಸೀರೆಯನ್ನು ಪೂರ್ತಿ ಹೊಲಿದು, ಮಡಚಿ, ಮದುವೆ ಮನೆಯ ಉಳಿದ ಸೀರೆಗಳನ್ನೂ ಸಂಜೆಯೊಳಗೆ ಮುಗಿಸಿದಳು. ರಾತ್ರಿ ಗಂಡನಿಗೆ ಬಡಿಸಿದಳು, ಮಜ್ಜಿಗೆ ಹಾಕಿದಳು, ಏನೂ ಕೇಳಲಿಲ್ಲ. ಸೋಮವಾರ ಬೆಳಿಗ್ಗೆ ಎಲ್ಲರಿಗೂ ಡಬ್ಬಿ ಕಟ್ಟಿ ಕಳಿಸಿ, ಚೀಲದಲ್ಲಿ ನಾಲ್ಕು ಸೀರೆ ಇಟ್ಟುಕೊಂಡು, "ಅತ್ತಿ, ಕೆರೂರಿಗಿ ಹೋಗಿ ಬರ್ತೇನಿ," ಎಂದಳು.

"ಯಾಕ? ಅಣ್ಣಗ ಆರಾಮಿಲ್ಲಾ?"

"ಆರಾಮ ಅದಾನ."

"ಯಾವಾಗ ಬರ್ತಿ?"

"ನೋಡೂಣು," ಎಂದಳು ಮಹೇಶ್ವರಿ.

ಅಪಘಾತವಾದ ಮೇಲೆ ಅವಳು ಊರು ಬಿಟ್ಟು ಒಬ್ಬಳೇ ಎಲ್ಲಿಗೂ ಹೋದವಳಲ್ಲ. ಶಿವಲಿಂಗವ್ವ ಓಣಿಯ ತಿರುವಿನ ತನಕ ಬಂದು, ಸೊಸೆ ಕಾಲೆಳೆಯುತ್ತ ಬಸ್‌ಸ್ಟ್ಯಾಂಡಿನ ಕಡೆ ಹೋಗುವುದನ್ನು ನೋಡಿದಳು. ಕೂಗಿ ಕರೆಯಬೇಕೋ ಬೇಡವೋ ಅವಳಿಗೆ ತಿಳಿಯಲಿಲ್ಲ.

ಮನೆಯ ಹದ ತಪ್ಪಿತು. ಶಿವಲಿಂಗವ್ವ ರೊಟ್ಟಿ ಬಡಿಯಲು ಕೂತರೆ ಭುಜ ಹಿಡಿಯಿತು. ಶೀಲಾ ಮಾಡಿದ ರೊಟ್ಟಿ ಹರಿದವು. ಮೂರು ದಿನ ಎರಡು ಹೊತ್ತೂ ಅವಲಕ್ಕಿ, ಇಲ್ಲವೆ ಅನ್ನ-ಸಾರು; ಆ ಸಾರಿಗೂ ಹುಳಿ ಕಮ್ಮಿ. ಸೀರೆ ಕೊಡಲು ಬಂದವರಿಗೆ ಯಾವಾಗ ಬರುತ್ತಾಳೆಂದು ಹೇಳಲಾಗದೆ ಶೀಲಾ ಒಬ್ಬೊಬ್ಬರಿಗೆ ಒಂದೊಂದು ಹೇಳಿದಳು. ಮಾಂತು ಬಾವಿಯ ಮೋಟರು ಚಾಲು ಮಾಡಿ ಮರೆತು ಹಿತ್ತಲೆಲ್ಲ ಕೆಸರಾಯಿತು.

ಯಾಕೆ ಹೋದಳು ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ಲೆಕ್ಕ.

"ನಾ ಹುಣಸಿಹಣ್ಣಿಗೆ ಬೈದದ್ದಕ್ಕ ಬ್ಯಾಸರಾತು," ಎಂದಳು ಶಿವಲಿಂಗವ್ವ. "ಆದ್ರ ನಾ ಬೈದದ್ದು ನಿನಗ, ಆಕಿಗಲ್ಲ."

"ನಾ ಜಗಳಾಡಿ ಊಟ ಬಿಟ್ಟದ್ದಕ್ಕ," ಎಂದ ಮಾಂತು.

"ಈ ಗಾಡಿಗಿ ಸುಮ್ಮಸುಮ್ಮನ ರೊಕ್ಕ ಹಾಕೂದು ಅವ್ವಗ ಸೇರಿಲ್ಲ," ಎಂದಳು ಶೀಲಾ. "ನೀವಽ ಫೋನ್ ಮಾಡಿ ಕೇಳ್ರಿ, ಅಪ್ಪಾ."

ಶಂಕರಲಿಂಗ ಫೋನು ಮಾಡಿದ. ಮಹೇಶ್ವರಿ, ಊಟ ಮಾಡಿದ್ರಾ ಎಂದು ಕೇಳಿದಳು. ಮಾಡಿದೆ ಎಂದ. ಯಾವಾಗ ಬರ್ತಿ ಎಂದ. ಬರ್ತೇನಿ ಎಂದಳು. ಅಷ್ಟಕ್ಕೇ ಮಾತು ಮುಗಿಯಿತು. ಮಾಂತು ಮಾಡಿದರೆ, "ನಿಮ್ಮಪ್ಪನ್ನ ಕೇಳು," ಎಂದಳು. "ಅಪ್ಪಗ ಗೊತ್ತಿಲ್ಲಂತ, ಅವ್ವಾ." "ಹಂಗಾರ ನನಗೂ ಗೊತ್ತಿಲ್ಲ."

ಆ ವಾರವೆಲ್ಲ ಶಂಕರಲಿಂಗ ಗ್ಯಾರೇಜಿಗೆ ಹೋದ, ಆದರೆ ಮಾತು ಕಮ್ಮಿಯಾಯಿತು. ಅಲ್ಲಾಸಾಬ ಕೊಯ್ದ ಜಾಗಕ್ಕೆ ಪಟ್ಟಿ ಬೆಸೆದು ಸಣ್ಣ ಸೀಟು ಕೂರಿಸಿದ. ಕಾರ್ಬೊರೇಟರ್ ತೊಳೆದು ಹಾಕಿ ಕಿಕ್ಕು ಹೊಡೆದರೆ ಗಾಡಿ ಕೆಮ್ಮಿತು, ಇನ್ನೊಂದಕ್ಕೆ ಸಿಡಿಯಿತು, ಆಮೇಲೆ ಹಿಡಿಯಿತು. ಅಕ್ಕಪಕ್ಕದ ಅಂಗಡಿಯವರು ಬಂದು ನೋಡಿದರು. ಚೆಲುವಾಗಿ ಬಂದಿತ್ತು ಗಾಡಿ. ಕಪ್ಪು ಟಾಕಿ, ನೆಟ್ಟನೆಯ ಹ್ಯಾಂಡಲ್ಲು, ಗಿಡ್ಡ ಬಾಲ, ಎಲ್ಲವೂ ಆ ಚಿತ್ರದಲ್ಲಿದ್ದಂತೆಯೇ.

"ಲೇ ಶಂಕ್ರ್ಯಾ, ಖುಷಿ ಆಗಬೇಕಿತ್ತಲ್ಲ ನಿನಗ," ಎಂದ ಅಲ್ಲಾಸಾಬ.

"ಆಗೈತಿ."

"ಮಾರಿ ನೋಡಿದ್ರ ಹಂಗ ಕಾಣವಲ್ದು. ವೈನಿ ಊರಾಗಿಲ್ಲಂತಲ್ಲ?"

"ಹೂಂ. ಕೆರೂರಿಗಿ ಹೋಗ್ಯಾಳ."

"ಹಂಗಾರ ಕೆರೂರಿಗಿ ಹೋಗು. ಗಾಡಿ ಟ್ರಯಲ್ಲೂ ಆಕ್ಕೈತಿ. ಆದ್ರ ಊರಾಗ ಸಾವಕಾಶ ಹೊಡಿ, ಟ್ರಾಫಿಕ್ಕಿನವರು ಹಿಡದ್ರ ಹಿಂದಿನ ಮಡಗಾರ್ಡ್ ಎಲ್ಲಿ ಅಂತ ಕೇಳ್ತಾರ."

ಭಾನುವಾರ ಬೆಳಿಗ್ಗೆ ಹೊರಟ. ಹುನಗುಂದ ದಾಟುವ ತನಕ ಹೆಗಲು ಬಿಗಿದಿತ್ತು, ಆಮೇಲೆ ಸಡಿಲಾಯಿತು. ಎರಡೂ ಕಡೆ ಕರಿನೆಲ, ಕಡಲೆ ಕಿತ್ತ ಹೊಲ. ಬಸ್ಸಿನ ಕಿಟಕಿಯಿಂದ ಎಷ್ಟೋ ವರ್ಷ ನೋಡಿದ ದಾರಿಯೇ, ಆದರೆ ಈಗ ಗಾಳಿ ಎದೆಗೆ ಬಡಿಯುತ್ತಿತ್ತು. ಬಾಗಲಕೋಟೆಯಲ್ಲಿ ಒಬ್ಬ ಪೊಲೀಸಿನವನು ಕೈ ಮಾಡಿದ. ಗಾಡಿಯನ್ನೂ ಶಂಕರಲಿಂಗನ ನರೆತ ಮೀಸೆಯನ್ನೂ ಒಂದರ ಮೇಲೊಂದು ನೋಡಿ, "ಮಗನ ಗಾಡಿ ತಂದೀರೇನ್ರಿ?" ಎಂದ.

"ಅಲ್ರಿ, ನಂದಽ."

"ನಿಮ್ಮದಽ?" ಪೊಲೀಸಿನವನು ಗಾಡಿಯ ಸುತ್ತ ಒಂದು ಸುತ್ತು ಬಂದ. ಮಡಗಾರ್ಡ್ ಹಾಕಿಸಿಕೊಳ್ಳಿ ಎಂದು ಹೇಳಿ ಕಳಿಸಿದ.

ಕೆರೂರಿನಲ್ಲಿ ಮಹೇಶ್ವರಿಯ ಅಣ್ಣ ಹೊಳಬಸಪ್ಪ ಗೊಬ್ಬರದ ಅಂಗಡಿ ಇಟ್ಟಿದ್ದ. ಮನೆ ಅಂಗಡಿಯ ಹಿಂದೆಯೇ. ಸಪ್ಪಳ ಕೇಳಿ ಹೊರಗೆ ಬಂದವನು, "ಬರ್ರಿ ಬರ್ರಿ," ಎಂದನೇ ಹೊರತು ಗಾಡಿಯ ವಿಷಯ ತೆಗೆಯಲಿಲ್ಲ. ಕಾಲಿಗೆ ನೀರು ಕೊಟ್ಟರು. ಊಟಕ್ಕೆ ಕೂರಿಸಿದರು. ಮಹೇಶ್ವರಿಯೇ ಬಡಿಸಿದಳು, ಹೋಳಿಗೆ ಮಾಡಿದ್ದರು, ತುಪ್ಪ ಕೇಳದೆಯೇ ಹಾಕಿದಳು. ಊಟವಾದ ಮೇಲೆ ಹೊಳಬಸಪ್ಪ ಅಂಗಡಿಗೆ ಗಿರಾಕಿ ಬಂದಿದ್ದಾರೆಂದು ಎದ್ದು ಹೋದ. ಯಾರೂ ಬಂದಿರಲಿಲ್ಲ.

ಮಹೇಶ್ವರಿ ಬಾಗಿಲಿಗೆ ಬಂದು ಕಟ್ಟೆಯ ಕೆಳಗೆ ನಿಂತಿದ್ದ ಗಾಡಿಯನ್ನು ನೋಡಿದಳು.

"ಛೊಲೊ ಆಗೈತಿ," ಎಂದಳು.

"ಹೂಂ."

"ಒಬ್ಬರ ಸೀಟ ಯಾಕ ಮಾಡಿದ್ರಿ?"

ಶಂಕರಲಿಂಗ ಅಡಿಕೆ ಚೂರನ್ನು ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದಿದ್ದ. "ಅದು ಹಂಗಽ ಇರತೈತಿ. ಆ ನಮೂನಿ ಗಾಡಿ…"

"ನಮೂನಿ ಮಾಂತು ಹೇಳ್ಯಾನ. ನಾ ನಿಮ್ಮನ್ನ ಕೇಳಾಕತ್ತೇನಿ."

ಅವನು ಅಡಿಕೆ ಚೂರನ್ನು ಪಕ್ಕಕ್ಕಿಟ್ಟ. ಆಮೇಲೆ ಹೇಳಿದ. "ನನ್ನ ಹಿಂದ ಯಾರರ ಕುಂತ್ರ ಕೈ ನಡಗ್ತಾವ. ಹೋದ ವರ್ಷ ಕೋರ್ಟಿನ ಪ್ಯೂನ್ ಅಮಸಿದ್ದಪ್ಪನ ಗಾಡಿ ತಗೊಂಡು ಅವನ್ನ ಹಿಂದ ಕುಂದರ್ಸಿಕೊಂಡು ಪೋಸ್ಟಾಫೀಸಿಗಿ ಹೊಂಟಿದ್ದೆ. ನಾಕ ಹೆಜ್ಜಿ ಹೋಗಲಿಲ್ಲ. ಇಳದು ಅವನ ಕೈಗೆ ಕೊಟ್ಟೆ. ಒಬ್ಬನಽ ಕುಂತ್ರ ಏನೂ ಆಗೂದಿಲ್ಲ. ಸೀಟಽ ಇಲ್ಲಂದ್ರ ಯಾರೂ ಕುಂದ್ರೂದಿಲ್ಲ, ಯಾರಿಗೂ ಏನೂ ಹೇಳೂ ಕಾರಣಿಲ್ಲ, ಅಂತ ಮಾಡಿದೆ."

"ಇದನ್ನ ಇಷ್ಟ ವರ್ಷ ನನಗ ಯಾಕ ಹೇಳ್ಲಿಲ್ಲ?"

"ನೀ ಗಾಡಿ ಅಂದ್ರ ಅಂಜ್ತಿ, ಅದರ ಮಾತ ತಗೀಬಾರದು ಅಂತ…"

"ನಾ ಅಂಜ್ತೇನಿ ಅಂತ ಯಾರ ಹೇಳಿದ್ರು?"

"ಯಾರೂ ಹೇಳಿಲ್ಲ."

ಮಹೇಶ್ವರಿ ಹೊಸ್ತಿಲ ಮೇಲೆ ಕೂತಳು. ಬಲಗಾಲನ್ನು ಎರಡೂ ಕೈಯಿಂದ ಹಿಡಿದು ಉದ್ದಕ್ಕೆ ಚಾಚಿದಳು.

"ನಾ ಏನ ತಿಳಕೊಂಡಿದ್ದೆ ಗೊತ್ತೇನು?" ಎಂದಳು. "ನಿಮಗ ನನ್ನ ಕರಕೊಂಡು ಅಡ್ಯಾಡಾಕ ನಾಚಿಕಿ ಅಂತ. ಕುಂಟಗಾಲಿನಾಕಿನ್ನ ಕರಕೊಂಡು ಮದುವಿಗಿ ಮುಂಜ್ವಿಗಿ ಹೆಂಗ ಹೋಗೂದು ಅಂತ ಎಲ್ಲಾ ಬಿಟ್ರಿ ಅಂತ. ಗಾಡಿ ಅಷ್ಟಽ ಅಲ್ಲ, ಬಸ್ಸಿನ್ಯಾಗಾದ್ರೂ ಕರಕೊಂಡ ಹೋದ್ರಿ? ಬಾದಾಮಿ ಕಂಡು ಎಷ್ಟ ವರ್ಷಾತು? ಸೀಟ ಕೊಯ್ದು ಒಗದ್ರು ಅಂದಾಗ, ಆತು, ಇನ್ನ ಬಾಯಲೆ ಹೇಳೂದೂ ಉಳಿಲಿಲ್ಲ ಅಂತ ತಿಳಕೊಂಡೆ."

ಶಂಕರಲಿಂಗ ಕೋರ್ಟಿನಲ್ಲಿ ದಿನವೂ ಗಂಡಹೆಂಡಿರ ದಾವೆಗಳ ಕಾಗದ ಹೊಲಿಯುವವನು. ಅವನಿಗೆ ಈಗ ಯಾವ ಮಾತು ಮೊದಲು ಆಡಬೇಕೆಂದು ತಿಳಿಯಲಿಲ್ಲ.

"ಹಂಗ ಯಾವತ್ತೂ ನನಗ ಅನಿಸಿಲ್ಲ," ಎಂದ ಕೊನೆಗೆ.

"ನನಗೆಂಗ ಗೊತ್ತಾಗಬೇಕು?"

"ಹೌದು."

"ಅಷ್ಟ ಅಂಜಿಕಿ ಇದ್ದ ಮ್ಯಾಲ ಗಾಡಿ ಯಾಕ ಮಾಡಿದ್ರಿ?"

"ಅದಽ ಗೊತ್ತಾಗವಲ್ದು, ಮಹೇಶ್ವರಿ. ಅದನ್ನ ಹಿತ್ತಲಾಗ ನೋಡಿ ನೋಡಿ ಸಾಕಾಗಿತ್ತು. ಮಾರಾಕ ಮನಸ ಬರಲಿಲ್ಲ. ಮೊದಲಿನ ಹಂಗ ನಿಂತ್ರ ಅದನ್ನ ಮುಟ್ಟಾಕ ಆಗ್ತಿರಲಿಲ್ಲ. ಬ್ಯಾರೆ ಏನರ ಆದ್ರ ಮುಟ್ಟಬಹುದು ಅಂತ ಬಿಚ್ಚಿದೆ."

ಹೊಳಬಸಪ್ಪ ಅಂಗಡಿಯಿಂದ ಕೆಮ್ಮಿದ. ಚಹಾ ಬಂತು. ಮಹೇಶ್ವರಿ ಚಹಾ ಕುಡಿದು, ಒಳಗೆ ಹೋಗಿ, ಚೀಲ ತಂದಳು.

"ಅಣ್ಣಾ, ಊರಿಗಿ ಹೋಗ್ತೇನಿ."

"ಹೆಂಗ ಹೋಗ್ತಿ? ಇವರ ಗಾಡ್ಯಾಗ ಜಾಗಾ ಇಲ್ಲ."

"ಬಸ್ಸಿನ್ಯಾಗ ಬಂದೇನಿ, ಬಸ್ಸಿನ್ಯಾಗ ಹೋಗ್ತೇನಿ. ಅವರು ಗಾಡಿ ಮ್ಯಾಲ ಬರ್ಲಿ."

ಬಾಗಲಕೋಟೆಯ ಬಸ್ಸು ಬಂತು. ಮಹೇಶ್ವರಿ ಕಿಟಕಿಯ ಹತ್ತಿರ ಕೂತಳು. ಶಂಕರಲಿಂಗನಿಗೆ ಬಸ್ಸಿನ ಮುಂದೆ ಹೋಗಬೇಕೋ ಹಿಂದೆ ಹೋಗಬೇಕೋ ತಿಳಿಯಲಿಲ್ಲ. ಮುಂದೆ ಹೋದರೆ ಅವಳನ್ನು ಬಿಟ್ಟು ಹೋದಂತೆ, ಹಿಂದೆ ಹೋದರೆ ಹೊಗೆ. ಹಿಂದೆಯೇ ಹೋದ. ಬಸ್ಸು ನಿಂತಲ್ಲೆಲ್ಲ ನಿಂತ. ಬಾಗಲಕೋಟೆಯಲ್ಲಿ ಅವಳು ಹುನಗುಂದದ ಬಸ್ಸಿಗೆ ಬದಲಿಸುವಾಗ ಚೀಲ ಹಿಡಿದುಕೊಂಡ. ಅಮೀನಗಡದಲ್ಲಿ ನೀರಿನ ಬಾಟಲಿ ಕಿಟಕಿಯಿಂದ ಕೊಟ್ಟ. ಪಕ್ಕದಲ್ಲಿ ಕೂತಿದ್ದ ಮುದುಕಿ, "ಯಾರವ್ವಾ ಆಂವ, ಕೆರೂರಿಂದ ಬಸ್ಸಿನ ಬೆನ್ನ ಹತ್ಯಾನ?" ಎಂದಳು. "ನಮ್ಮ ಮನಿಯವರು," ಎಂದಳು ಮಹೇಶ್ವರಿ. "ಮತ್ತ ಒಳಗ ಯಾಕ ಬರವಲ್ರು?" ಎಂದಳು ಮುದುಕಿ. ಮಹೇಶ್ವರಿ ಕಿಟಕಿಯಿಂದ ಹಿಂದಕ್ಕೆ ಬಗ್ಗಿ ನೋಡಿದಳು.

ಹುನಗುಂದದಲ್ಲಿ ಇಳಿದಾಗ ಹೊತ್ತು ಇಳಿದಿತ್ತು. ಇಳಕಲ್ಲಿನ ಬಸ್ಸಿಗೆ ಕಾಯಬೇಕಾಯಿತು. ಭಾನುವಾರ, ಜನ ತುಂಬಿದ್ದರು. ಕಟ್ಟೆಯ ಮೇಲೆ ಜಾಗ ಇರಲಿಲ್ಲ. ಮಹೇಶ್ವರಿ ಭಾರವನ್ನು ಒಂದು ಕಾಲಿಂದ ಇನ್ನೊಂದಕ್ಕೆ ಹಾಕುತ್ತ ನಿಂತದ್ದನ್ನು ನೋಡಿ ಶಂಕರಲಿಂಗ ಗಾಡಿಯನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ, "ಇದರ ಮ್ಯಾಲ ಕುಂದ್ರು," ಎಂದ. ಅವಳು ಅಡ್ಡ ಕೂತಳು. ಅವನು ಹ್ಯಾಂಡಲ್ಲು ಹಿಡಿದು ನಿಂತ. ಬಂದುಹೋಗುವ ಹುಡುಗರು ಗಾಡಿಯನ್ನೂ ಅದರ ಮೇಲೆ ಚೀಲ ಹಿಡಿದು ಕೂತ ಹೆಂಗಸನ್ನೂ ನೋಡಿದರು.

"ಅಲ್ಲಾಸಾಬಗ ಹೇಳಿ ಹಿಂದ ಮತ್ತ ಸೀಟ ಬೆಸಸ್ತೇನಿ," ಎಂದ ಶಂಕರಲಿಂಗ.

"ಬ್ಯಾಡ."

"ಯಾಕ?"

"ನಿಮ್ಮ ಕೈ ನಡಗೂದು ಹೋಗೈತೇನು?"

"ಇಲ್ಲ."

"ಹಂಗಾರ ಬ್ಯಾಡ. ನಾ ಗಾಡಿ ಕೇಳಿಲ್ಲ."

ಬಸ್ಸು ಬಂತು. ಜನ ಬಾಗಿಲಿಗೆ ಮುತ್ತಿದರು. ಶಂಕರಲಿಂಗ ಚೀಲ ಹಿಡಿದು ದಾರಿ ಮಾಡಿಕೊಟ್ಟು ಅವಳನ್ನು ಹತ್ತಿಸಿ, ಇಳಿದು, ಗಾಡಿಯ ಹತ್ತಿರ ಬಂದು ನಿಂತ. ಮಹೇಶ್ವರಿಗೆ ಇಬ್ಬರ ಸೀಟೊಂದು ಸಿಕ್ಕಿತು. ಚೀಲವನ್ನು ಪಕ್ಕದ ಜಾಗದಲ್ಲಿಟ್ಟಳು. ಕಂಡಕ್ಟರ್ ಬಂದಾಗ ಆಧಾರ್ ಕಾರ್ಡು ತೋರಿಸಿದಳು. ಅವನು ಹೆಂಗಸರಿಗೆ ಕೊಡುವ ಸೊನ್ನೆ ಟಿಕೇಟು ಹರಿದು ಕೊಟ್ಟ.

"ಇನ್ನೊಂದು ಇಳಕಲ್ ಕೊಡ್ರಿ," ಎಂದು ಮಹೇಶ್ವರಿ ರೊಕ್ಕ ಮುಂದೆ ಹಿಡಿದಳು.

"ನಿಮ್ಮದು ಫ್ರೀ ಐತ್ರಿ."

"ನನಗಲ್ಲ. ಗಂಡಸರದು."

"ಯಾರದ್ರಿ? ಎಲ್ಲದಾರ?"

"ಅಲ್ಲಿ ಗಾಡಿ ಹಿಡಕೊಂಡ ನಿಂತಾರಲ್ಲ, ಅವರದು."

ಕಂಡಕ್ಟರ್ ಕಿಟಕಿಯಿಂದ ಬಗ್ಗಿ ನೋಡಿದ. ಹೆಲ್ಮೆಟ್ ಹಾಕಿಕೊಂಡು, ಕೀಲಿ ತಿರುವಿ, ಹೊರಡಲು ಸಿದ್ಧವಾಗಿ ನಿಂತಿದ್ದ ಮನುಷ್ಯ. "ಅವರು ಗಾಡಿ ಮ್ಯಾಲ ಹೊಂಟಾರಲ್ರಿ, ಅವ್ವಾರ."

"ನೀವು ಟಿಕೇಟ್ ಕೊಡ್ರಿ."

ಅವಳು ಟಿಕೇಟನ್ನು ಕಿಟಕಿಯಿಂದ ಹೊರಗೆ ಚಾಚಿದಳು. "ಏನ್ರಿ," ಎಂದು ಕರೆದಳು. ಶಂಕರಲಿಂಗ ಹತ್ತಿರ ಬಂದು ಟಿಕೇಟು ನೋಡಿದ, ಗಾಡಿ ನೋಡಿದ, ಮತ್ತೆ ಅವಳನ್ನು ನೋಡಿದ.

"ಗಾಡಿ?"

"ಕೋರ್ಟ್ ಇಲ್ಲೇ ಐತಲ್ಲ, ನಾಳೆ ಬರ್ತೀರಿ. ಅಮಸಿದ್ದಪ್ಪ ಇಲ್ಲೇ ಇರ್ತಾನಲ್ಲ."

ಡ್ರೈವರ್ ಹಾರ್ನ್ ಹೊಡೆದ. ಶಂಕರಲಿಂಗ ಗಾಡಿಯನ್ನು ಪರಿಚಯದ ಚಹಾದಂಗಡಿಯ ಪಕ್ಕಕ್ಕೆ ತಳ್ಳಿ, ಕೀಲಿಯನ್ನು ಅಂಗಡಿಯವನ ಕೈಗೆ ಹಾಕಿ, ಅಮಸಿದ್ದಪ್ಪಗ ಫೋನ್ ಮಾಡ್ತೇನಿ, ಬಂದು ಒಯ್ತಾನ ಎಂದು ಹೇಳಿ ಓಡಿದ. ಹೊರಟ ಬಸ್ಸನ್ನು ಕಂಡಕ್ಟರ್ ಸೀಟಿ ಊದಿ ನಿಲ್ಲಿಸಿದ. ಮಹೇಶ್ವರಿ ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಅವನು ಏದುಸಿರು ಬಿಡುತ್ತ ಕೂತ, ಹೆಲ್ಮೆಟ್ ತೆಗೆಯುವುದನ್ನು ಮರೆತು.

ಬಸ್ಸು ಊರು ದಾಟಿತು. ಅವಳು ಏನೋ ಅಂದಳು. ಹೆಲ್ಮೆಟಿನೊಳಗೆ ಅವನಿಗೆ ಕೇಳಿಸಲಿಲ್ಲ. ಅದನ್ನು ತೆಗೆದು ಅವಳ ಕಡೆ ಬಗ್ಗಿದ.

"ಏನಂದಿ?"

"ಬರೂ ಐತವಾರ ಬಾದಾಮಿಗಿ ಹೋಗೂಣು ಅಂದೆ. ಹಿಂಗಽ."

"ಹೋಗೂಣು," ಎಂದ ಶಂಕರಲಿಂಗ.